ಎಲೆಕೋಸಿನ ಹುಳುವೂ ಪ್ರಕೃತಿಯ ಆಯ್ಕೆಯೂ

ಬೆಂಗಳೂರಿನ ಸುತ್ತಣ ಹಳ್ಳಿಗಳಲ್ಲಿ ಎಲೆಕೋಸನ್ನು ಬೆಳೆಯುವ ರೈತರಿಂದ ಒಂದು ದೂರು ಪದೇ ಪದೇ ಕೇಳಿಬರುತ್ತದೆ. ಮೊದಲು ಒಂದಾವರ್ತಿ ಸಿಂಪಡಿಸಿದರೆ ಹುಳುಗಳನ್ನು ಕೊಲ್ಲುತ್ತಿದ್ದ ಔಷಧವು ಈಗ ಮೂರಾವರ್ತಿ ಸಿಂಪಡಿಸಿದರೂ ಫಲ ಕೊಡುವುದಿಲ್ಲವೆಂಬುದೇ ಆ ದೂರು. ಔಷಧವು ಕಲಬೆರಕೆಯದೆಂದು ಕೆಲವರೂ, ಹುಳುವು ವಿಷವನ್ನು ತಿಂದು ತಿಂದು ರೂಢಿಮಾಡಿಕೊಂಡಿತೆಂದು ಮತ್ತೆ ಕೆಲವರೂ ಹೇಳುವುದುಂಟು. ಆದರೆ ಶುದ್ಧವಾದ ಔಷಧವೂ ಸೋಲುವುದಕ್ಕೆ ಬೇರೊಂದು ಕಾರಣವಿದೆ. ಜೀವಶಾಸ್ತ್ರಜ್ಞರು ಅದನ್ನು ‘ಪ್ರಕೃತಿಯ ಆಯ್ಕೆ’ ಎಂದು ಕರೆಯುತ್ತಾರೆ.

ಆಯ್ಕೆಯೆಂಬುದು ರೈತರಿಗೆ ಹೊಸ ಮಾತಲ್ಲ. ರಾಗಿಯ ಕುಯ್ಲಿನಲ್ಲಿ ತುಂಬಿದ ತೆನೆಗಳನ್ನು ಬೀಜಕ್ಕೆಂದು ಬೇರೆ ತೆಗೆದಿಡುವುದು ನಮ್ಮ ಹಿರಿಯರ ಪದ್ಧತಿ. ಒಂದೇ ಹೊಲದಲ್ಲಿಯೂ ಪೈರುಗಳೆಲ್ಲ ಒಂದೇ ತೆರನಾಗಿರುವುದಿಲ್ಲವೆಂಬುದನ್ನೂ, ತಾಯಿಪೈರಿನ ಗುಣವು ಸಂತಾನಕ್ಕೆ ಇಳಿಯುವುದೆಂಬುದನ್ನೂ ಅವರು ಅನುಭವದಿಂದ ಕಂಡುಕೊಂಡಿದ್ದರು. ಮೈಸೂರು ಸಂಸ್ಥಾನದ ವ್ಯವಸಾಯ ಇಲಾಖೆಯ ಡೈರೆಕ್ಟರಾಗಿದ್ದ ಡಾಕ್ಟರ್ ಲೆಸ್ಲಿ ಕೋಲ್ಮನ್ ಅವರ ಕಾಲದಲ್ಲಿ, ಹೆಬ್ಬಾಳದ ಕ್ಷೇತ್ರದಲ್ಲಿ ನಾಟಿ ರಾಗಿಗಳಿಂದ ಉತ್ತಮವಾದುವನ್ನು ಆರಿಸಿ, 1918ರಲ್ಲಿ ಎಚ್. 22 ಎಂಬ ತಳಿಯನ್ನು ಒದಗಿಸಿದುದೂ ಇದೇ ತತ್ತ್ವದ ಮೇಲೆಯೇ.

ಇಂಗ್ಲೆಂಡಿನ ಚಾರ್ಲ್ಸ್ ಡಾರ್ವಿನ್ ಅವರು 1859ರಲ್ಲಿ ಪ್ರಕಟಿಸಿದ ತಮ್ಮ ಪ್ರಸಿದ್ಧ ಗ್ರಂಥವನ್ನು ಸಾಕುಪ್ರಾಣಿಗಳ ಮತ್ತು ಬೆಳೆಗಳ ವಿಚಾರದಿಂದಲೇ ಆರಂಭಿಸಿದರು. ಮನುಷ್ಯನು ಆರಿಸುವಂತೆಯೇ ಬರ, ಚಳಿ, ರೋಗ ಮತ್ತು ಶತ್ರುಗಳೂ ಆರಿಸುತ್ತವೆಂದು ಅವರು ತೋರಿಸಿದರು. ಜೀವಿಗಳಲ್ಲಿ ಹುಟ್ಟಿನಿಂದಲೇ ಭೇದಗಳಿರಬೇಕು. ಆ ಭೇದಗಳು ಸಂತಾನಕ್ಕೆ ಇಳಿಯಬೇಕು. ಕೆಲವು ಬದುಕಿ ಮರಿಮಾಡಿ, ಕೆಲವು ಮರಿಮಾಡದೆ ಅಳಿಯಬೇಕು. ಈ ಮೂರೂ ಕೂಡಿದಲ್ಲಿ ತಲೆಮಾರು ಕಳೆದಂತೆ ಕುಲದ ಸ್ವರೂಪವೇ ಬದಲಾಗುತ್ತದೆ. ಇದರಲ್ಲಿ ಯಾರ ಉದ್ದೇಶವೂ ಬೇಕಾಗಿಲ್ಲ.

ಎಲೆಕೋಸಿನ ಹೊಲದಲ್ಲಿ ಆಗುತ್ತಿರುವುದೂ ಇದೇ. ಎಲೆಗಳನ್ನು ತೂತುಮಾಡುವ ಹುಳುವು ವಜ್ರಬೆನ್ನಿನ ಪತಂಗವೆಂಬ ಸಣ್ಣ ಚಿಟ್ಟೆಯ ಮರಿ. ನಮ್ಮ ಹವೆಯಲ್ಲಿ ಸುಮಾರು ಮೂರು ವಾರಗಳಲ್ಲಿ ಒಂದು ತಲೆಮಾರು ಮುಗಿಯುತ್ತದೆ. ಒಂದು ಹೆಣ್ಣು ನೂರಕ್ಕೂ ಮೇಲ್ಪಟ್ಟು ಮೊಟ್ಟೆಗಳನ್ನಿಡಬಲ್ಲದು. ಒಂದು ಹೊಲದಲ್ಲಿ 10,000 ಹುಳುಗಳಿದ್ದು, ಅವುಗಳಲ್ಲಿ 10 ಮಾತ್ರ ಹುಟ್ಟಿನಿಂದಲೇ ಒಂದು ಔಷಧವನ್ನು ತಾಳಬಲ್ಲವೆಂದು ಇಟ್ಟುಕೊಳ್ಳೋಣ. ಔಷಧವು 9,990ನ್ನು ಕೊಲ್ಲುತ್ತದೆ, ರೈತನು ಸಂತೋಷಪಡುತ್ತಾನೆ. ಉಳಿದ ಹತ್ತರಲ್ಲಿ ಐದು ಹೆಣ್ಣುಗಳು ನೂರು ನೂರು ಮೊಟ್ಟೆಗಳನ್ನಿಟ್ಟರೆ 500 ಮರಿಗಳಾಗುತ್ತವೆ. ಮೊದಲು ಸಾವಿರಕ್ಕೆ ಒಂದರಲ್ಲಿದ್ದ ಗುಣವು ಈಗ ಬಹುಪಾಲು ಮರಿಗಳಲ್ಲಿರುತ್ತದೆ. ಅದೇ ಔಷಧವನ್ನು ಮತ್ತೆ ಸಿಂಪಡಿಸುವವನು ತನಗರಿಯದೆಯೇ ಹುಳುವಿನ ಬೀಜವನ್ನು ಆರಿಸಿ ಇಟ್ಟಂತಾಯಿತು. ಯಾವ ಹುಳುವೂ ಏನನ್ನೂ ಕಲಿಯಲಿಲ್ಲ. ತಾಳಲಾರದವು ಸತ್ತುವು, ತಾಳಬಲ್ಲವು ಹೆಚ್ಚಿದುವು, ಅಷ್ಟೆ.

ಇದು ನಮ್ಮ ಸೀಮೆಯೊಂದರ ಸಂಗತಿಯಲ್ಲ. ಇದೇ ಹುಳುವು ಡಿ.ಡಿ.ಟಿ.ಗೆ ಬಗ್ಗದಾದುದು ಜಾವಾ ದ್ವೀಪದಿಂದ 1953ರಲ್ಲಿಯೇ ವರದಿಯಾಯಿತು. ಬಿ.ಟಿ. ಎಂಬ ಜೈವಿಕ ಔಷಧವನ್ನೂ ಅದು ಜಯಿಸಿದುದು ಹವಾಯಿ ದ್ವೀಪಗಳಿಂದ 1990ರಲ್ಲಿ ತಿಳಿದುಬಂದಿತು. ವೈಟ್‌ಫೀಲ್ಡಿನಾಚೆಯ ಹೊಸಕೋಟೆ, ಎಲೆಕ್ಟ್ರಾನಿಕ್ ಸಿಟಿಯಿರುವ ಆನೇಕಲ್ ತಾಲ್ಲೂಕು ಮೊದಲಾದೆಡೆ ಕಟ್ಟಡಗಳೆದ್ದು ಸಾಗುವಳಿಯ ಭೂಮಿ ಕಿರಿದಾಗಿರುವುದರಿಂದ, ಉಳಿದ ನೆಲದಲ್ಲಿ ಪಟ್ಟಣದ ಮಾರುಕಟ್ಟೆಗಾಗಿ ತರಕಾರಿಯ ಮೇಲೆ ತರಕಾರಿಯನ್ನು ಬೆಳೆಯುವುದುಂಟು. ಹೀಗೆ ಬಿಡುವಿಲ್ಲದೆ ಕೋಸನ್ನೇ ಬೆಳೆದು ಒಂದೇ ಔಷಧವನ್ನು ನಂಬಿದ ಕಡೆ ಈ ಆಯ್ಕೆಯ ವೇಗವು ಹೆಚ್ಚುತ್ತದೆ.

ಆದುದರಿಂದ ಮಾಡತಕ್ಕದ್ದೇನು? ಮೊದಲನೆಯದಾಗಿ, ಒಂದೇ ವರ್ಗದ ಔಷಧವನ್ನು ಹುಳುವಿನ ಎರಡು ತಲೆಮಾರುಗಳ ಮೇಲೆ ಎಡೆಬಿಡದೆ ಪ್ರಯೋಗಿಸಬಾರದು. ಅಂಗಡಿಯಲ್ಲಿ ಬೇರೆ ಬೇರೆ ಹೆಸರಿನ ಸೀಸೆಗಳಲ್ಲಿ ಒಂದೇ ವರ್ಗದ ಔಷಧವಿರುವುದುಂಟಾದುದರಿಂದ, ವರ್ಗವನ್ನು ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿಯೇ ಕೊಳ್ಳತಕ್ಕದ್ದು. ಎರಡನೆಯದಾಗಿ, ಫಲ ಕಾಣಲಿಲ್ಲವೆಂದು ಪ್ರಮಾಣವನ್ನು ಹೆಚ್ಚಿಸುವುದು ತಪ್ಪು. ಅದರಿಂದ ಹುಳುವಿನ ಶತ್ರುಗಳಾದ ಸಣ್ಣ ಕಣಜಗಳು ನಾಶವಾಗುವುದಲ್ಲದೆ, ತಿನ್ನುವವರ ಆರೋಗ್ಯಕ್ಕೂ ಹಾನಿ. ಮೂರನೆಯದಾಗಿ, ಪೀಣ್ಯದಾಚೆಯ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ತೋರಿಸಿಕೊಟ್ಟ ಸಾಸಿವೆಯ ಉಪಾಯವು ಅನುಸರಣೀಯವಾದುದು. ಪ್ರತಿ 25 ಸಾಲು ಕೋಸಿಗೆ ಎರಡು ಸಾಲು ಸಾಸಿವೆ. ಒಂದನ್ನು ಕೋಸು ನಾಟಿಗೆ 15 ದಿನ ಮೊದಲೂ, ಇನ್ನೊಂದನ್ನು ನಾಟಿಯಾದ 25 ದಿನಗಳ ಮೇಲೂ ಬಿತ್ತುವುದು. ಪತಂಗವು ಸಾಸಿವೆಯನ್ನೇ ಮೆಚ್ಚಿ ಅಲ್ಲಿ ಮೊಟ್ಟೆಯಿಡುವುದರಿಂದ ಕೋಸಿಗೆ ಸಿಂಪಡಣೆ ಕಡಮೆಯಾಗುತ್ತದೆ. ನೂರಕ್ಕೆ 4ರಂತೆ ಬೇವಿನ ಬೀಜದ ತಿರುಳಿನ ಕಷಾಯವೂ ಉಪಯುಕ್ತ. ಕಟಾವಾದೊಡನೆ ಉಳಿದ ಕೋಸಿನ ಬುಡಗಳನ್ನು ಉತ್ತು ಮಣ್ಣಿಗೆ ಸೇರಿಸತಕ್ಕದ್ದು.

ಕೊನೆಯದಾಗಿ ಗ್ರಾಮದ ಮುಖಂಡರಲ್ಲಿ ಒಂದು ಅರಿಕೆ. ಪತಂಗಕ್ಕೆ ಬದುವಿನ ಗೊತ್ತಿಲ್ಲ. ಒಬ್ಬನು ಎಚ್ಚರದಿಂದಿದ್ದು ನೆರೆಯವನು ಮನಬಂದಂತೆ ಸಿಂಪಡಿಸಿದರೆ, ಅವನ ಹೊಲದಲ್ಲಿ ಆಯ್ದು ಬೆಳೆದ ಹುಳುವು ಇವನ ಹೊಲಕ್ಕೂ ಬರುತ್ತದೆ. ಕೆರೆಯ ನೀರನ್ನು ಸರದಿಯಂತೆ ಹಂಚಿಕೊಳ್ಳುವ ಊರಿನವರು, ಯಾವ ವರ್ಗದ ಔಷಧವನ್ನು ಯಾವಾಗ ಬಳಸತಕ್ಕದ್ದೆಂಬುದನ್ನೂ ಒಟ್ಟಾಗಿ ಕುಳಿತು ಗೊತ್ತುಮಾಡಿಕೊಂಡಲ್ಲಿ, ಈಗ ಕೈಯಲ್ಲಿರುವ ಔಷಧಗಳು ಬಹುಕಾಲ ಕೆಲಸಕ್ಕೆ ಬಂದಾವು.