ಉತ್ತರದ ಮನೆ

2010ರ ಫೆಬ್ರವರಿಯಲ್ಲಿ ಕೆನಡಾದ ವ್ಯಾಂಕೂವರಿನಲ್ಲಿ ಚಳಿಗಾಲದ ಒಲಿಂಪಿಕ್ ಕ್ರೀಡೆಗಳು ನಡೆದುವು. ಆಗ ಆ ದೇಶದ ಉತ್ತರದ ಮೂರು ಪ್ರಾಂತಗಳಾದ ಯೂಕಾನ್, ವಾಯವ್ಯ ಪ್ರಾಂತ ಮತ್ತು ನುನಾವುಟ್ ಒಂದುಗೂಡಿ ನಗರದ ನಡುವೆ ‘ಉತ್ತರದ ಮನೆ’ ಎಂಬ ಪ್ರದರ್ಶನಶಾಲೆಯನ್ನು ತೆರೆದಿದ್ದುವು. ದೇಶದ ಮೂರನೆಯ ಒಂದು ಪಾಲಿಗಿಂತ ಹೆಚ್ಚಿನ ನೆಲ ಈ ಪ್ರಾಂತಗಳದು; ಜನ ಮಾತ್ರ ಆಗ ಸುಮಾರು 1 ಲಕ್ಷವಿದ್ದರು. ಭೂಪಟ ನೋಡಿದವರಿಗೆ ಅದು ಬರಿಯ ಹಿಮದ ಬಯಲು. ಅಲ್ಲಿಯೂ ಊರುಗಳುಂಟು, ಮಾತುಂಟು, ಆಟವುಂಟು ಎಂದು ತಿಳಿಸುವುದೇ ಈ ಮನೆಯ ಕೆಲಸವಾಗಿತ್ತು.

ಆ ನಾಡಿನ ಇನ್ಯೂಟ್ ಜನರ ಒಂದು ಆಟವನ್ನೇ ನೋಡಿ. ಮೇಲೆ ತೂಗಬಿಟ್ಟ ಗುರಿಯನ್ನು ನೆಗೆದು ಒಂದು ಕಾಲಿನಿಂದ ಒದ್ದು, ಅದೇ ಕಾಲಿನ ಮೇಲೆ ಇಳಿಯಬೇಕು. ಬೇಟೆ ದೊರೆತ ಸುದ್ದಿಯನ್ನು ದೂರದಿಂದಲೇ ಊರಿಗೆ ತಿಳಿಸುವ ಸಂಕೇತದಿಂದ ಈ ಆಟ ಹುಟ್ಟಿತೆಂದು ಹೇಳುತ್ತಾರೆ. ಪದಕಗಳ ಪಟ್ಟಿಯಲ್ಲಿ ಇದಕ್ಕೆ ಸ್ಥಳವಿಲ್ಲ. ಆದುದರಿಂದ ಇಂಥ ಶಾಲೆಗೆ ಹೋದವರು ವಸ್ತುಗಳನ್ನು ನೋಡಿ ಹಿಂದಿರುಗದೆ, ಅಲ್ಲಿ ನಿಂತವರನ್ನು ಮಾತನಾಡಿಸಬೇಕು.