ತಾನೇ ಏಳುವ ಮುಳ್ಳು, ತಾನೇ ಮರಳುವ ತೋಳು

ಕೈಗೆಟುಕುವ ಬೆಲೆಯ ಆಟೊಮ್ಯಾಟಿಕ್ ಟರ್ನ್‌ಟೇಬಲ್ ಕೊಳ್ಳುವ ಮುನ್ನ ನೋಡಬೇಕಾದದ್ದೇನು? ಕೊಂಡ ಮೇಲೆ ಸುಧಾರಿಸಬಹುದಾದದ್ದೇನು?

ಎಲ್‌ಪಿ ರೆಕಾರ್ಡಿನ ಒಂದು ಬದಿ ಸುಮಾರು ಇಪ್ಪತ್ತು ನಿಮಿಷದಲ್ಲಿ ಮುಗಿಯುತ್ತದೆ. ಕೈಯಿಂದ ನಡೆಸುವ ಮ್ಯಾನ್ಯುಯಲ್ ಯಂತ್ರದಲ್ಲಿ ಹಾಡು ನಿಂತರೂ ತಟ್ಟೆ ನಿಲ್ಲುವುದಿಲ್ಲ. ಯಾರಾದರೂ ಎದ್ದು ಬಂದು ತೋಳನ್ನು ಎತ್ತುವ ತನಕ ಮುಳ್ಳು ಲೇಬಲಿನ ಅಂಚಿನ ಕೊನೆಯ ಗೆರೆಯಲ್ಲೇ ಸುತ್ತುತ್ತಿರುತ್ತದೆ. ನಿಮಿಷಕ್ಕೆ 33⅓ ಸುತ್ತು ಎಂದರೆ ಗಂಟೆಗೆ 2,000 ಸುತ್ತು. ರಾತ್ರಿ ಕೇಳುತ್ತಲೇ ಜೋಂಪು ಹತ್ತಿ ಬೆಳಿಗ್ಗೆ ಎದ್ದರೆ, ಎಂಟು ಗಂಟೆಗೆ 16,000 ಸುತ್ತು. ವಜ್ರದ ತುದಿಯೂ ಸವೆಯುವ ವಸ್ತುವೇ.

ಆಟೊಮ್ಯಾಟಿಕ್ ಟರ್ನ್‌ಟೇಬಲ್ ಬೇಕೆನ್ನಲು ಈ ಒಂದು ಲೆಕ್ಕವೇ ಸಾಕು. ಗುಂಡಿ ಒತ್ತಿದರೆ ತೋಳು ತಾನೇ ಎದ್ದು, ರೆಕಾರ್ಡಿನ ಅಂಚಿಗೆ ಸರಿದು, ಮುಳ್ಳನ್ನು ಮೆಲ್ಲಗೆ ಇಳಿಸುತ್ತದೆ. ಬದಿ ಮುಗಿದಾಗ ತಾನೇ ಎದ್ದು ಮರಳಿ, ಮೋಟಾರನ್ನೂ ನಿಲ್ಲಿಸುತ್ತದೆ. ಕೈ ನಡುಗುವ ಹಿರಿಯರಿರುವ ಮನೆಗೆ, ಕುತೂಹಲದ ಮಕ್ಕಳಿರುವ ಮನೆಗೆ, ಮೊದಲ ಬಾರಿಗೆ ರೆಕಾರ್ಡು ಮುಟ್ಟುತ್ತಿರುವವರಿಗೆ ಇದು ದೊಡ್ಡ ಅನುಕೂಲ. ಆದರೂ ಧ್ವನಿಯ ಬಗ್ಗೆ ಕಟ್ಟುನಿಟ್ಟಾಗಿರುವ ಕೇಳುಗರ ವಲಯದಲ್ಲಿ ಆಟೊಮ್ಯಾಟಿಕ್ ಎಂದರೆ ಕಳಪೆ ಎಂಬ ಮಾತು ಬೇರೂರಿದೆ. ಅದರಲ್ಲಿ ನಿಜ ಸ್ವಲ್ಪ, ಪೂರ್ವಗ್ರಹ ಹೆಚ್ಚು. ಅಗ್ಗದ ಯಂತ್ರದ ಧ್ವನಿಗೆ ಮಿತಿ ಹಾಕುವುದು ಬಹುಪಾಲು ತೋಳಿನ ತುದಿಯಲ್ಲಿರುವ ಮುಳ್ಳು ಮತ್ತು ಅದರ ಅದುರನ್ನು ವಿದ್ಯುತ್ತಾಗಿಸುವ ಕಾರ್ಟ್ರಿಜ್. ಮುಂದೆ ಎಷ್ಟರ ಮಟ್ಟಿಗೆ ಸುಧಾರಿಸಬಹುದು ಎಂಬುದೂ ಅಲ್ಲಿಯೇ, ಕೊಳ್ಳುವ ದಿನವೇ ತೀರ್ಮಾನವಾಗಿಬಿಡುತ್ತದೆ.

ತಟ್ಟೆಯ ಅಡಿಯಲ್ಲಿ ನಡೆಯುವುದು

ಬೆಲ್ಟ್ ಮಾದರಿಯ ಸಾಮಾನ್ಯ ಯಂತ್ರದ ತಟ್ಟೆ ಎತ್ತಿ ನೋಡಿದರೆ ಒಂದು ದೊಡ್ಡ ಹಲ್ಲುಚಕ್ರ ಕಾಣುತ್ತದೆ. ಅದರ ಅಂಚಿನಲ್ಲಿ ಒಂದು ಕಡೆ ಹಲ್ಲುಗಳೇ ಇಲ್ಲ. ಹಾಡು ನಡೆಯುವಷ್ಟು ಹೊತ್ತು ಆ ಖಾಲಿ ಜಾಗ ತಟ್ಟೆಯ ನಡುವಿನ ಸಣ್ಣ ಹಲ್ಲುಚಕ್ರದ ಎದುರು ನಿಂತಿರುತ್ತದೆ. ಎರಡೂ ಒಂದಕ್ಕೊಂದು ತಾಗುವುದಿಲ್ಲ. ರೆಕಾರ್ಡಿನ ಕೊನೆಯಲ್ಲಿ ಗೆರೆಗಳ ನಡುವಿನ ಅಂತರ ಒಮ್ಮೆಲೇ ಅಗಲವಾಗಿ ತೋಳು ಒಳಗಡೆಗೆ ಬೇಗ ಸರಿಯುತ್ತದೆ. ಆ ವೇಗವೇ ಒಂದು ಪುಟ್ಟ ಕೊಕ್ಕೆಯನ್ನು ತಳ್ಳುತ್ತದೆ, ಹಲ್ಲುಗಳು ಕಚ್ಚಿಕೊಳ್ಳುತ್ತವೆ, ದೊಡ್ಡ ಚಕ್ರ ಒಂದು ಸುತ್ತು ತಿರುಗುತ್ತದೆ. ತೋಳನ್ನು ಎತ್ತುವುದು, ಹಿಂದಕ್ಕೆ ತರುವುದು, ವಿದ್ಯುತ್ ಕಡಿಯುವುದು ಎಲ್ಲವೂ ಆ ಒಂದೇ ಸುತ್ತಿನಲ್ಲಿ ಮುಗಿಯುತ್ತವೆ. ಇದಕ್ಕೆಂದು ಬೇರೆ ಮೋಟಾರ್ ಕೂಡ ಬೇಕಿಲ್ಲ.

ಈ ಜಾಣತನ ಹೊಸದೇನಲ್ಲ. ಅಮೆರಿಕದ ವಿಕ್ಟರ್ ಕಂಪನಿ 1927ರಲ್ಲೇ ರೆಕಾರ್ಡು ತಾನೇ ಬದಲಿಸುವ ಯಂತ್ರ ಮಾರಿತ್ತು. ಇಂಗ್ಲೆಂಡಿನ ಗ್ಯಾರಾರ್ಡ್ ಮತ್ತು ಬಿಎಸ್‌ಆರ್, ಜರ್ಮನಿಯ ಡ್ಯುಯಲ್ ಕಂಪನಿಗಳು ಇದೇ ವಿದ್ಯೆಯನ್ನು ಪಳಗಿಸಿದವು. ವಿಮರ್ಶಕರ ಆಕ್ಷೇಪ ಒಂದೇ: ಬದಿಯ ಕೊನೆಯಲ್ಲಿ ಆ ಕೊಕ್ಕೆಯನ್ನು ತಳ್ಳುವ ಕೆಲಸ ತೋಳಿನ ಮೇಲೆಯೇ ಬೀಳುತ್ತದೆ. ಮಾತು ಸರಿ, ಆದರೆ ಸರಿಯಾಗಿ ಜೋಡಿಸಿದ ಯಂತ್ರದಲ್ಲಿ ಆ ಹೊರೆ ಬಲು ಕಡಿಮೆ.

ಎರಡು ದಾರಿಗಳು

ಇಂದಿನ ಅಗ್ಗದ ಆಟೊಮ್ಯಾಟಿಕ್‌ಗಳಲ್ಲಿ ಹೆಚ್ಚು ಪರಿಚಿತವಾದದ್ದು ಜಪಾನಿನ ಆಡಿಯೊ-ಟೆಕ್ನಿಕಾ ಕಂಪನಿಯ ಎಟಿ-ಎಲ್‌ಪಿ60ಎಕ್ಸ್. 1962ರಲ್ಲಿ ಟೋಕಿಯೊದಲ್ಲಿ ಹುಟ್ಟಿದ ಈ ಕಂಪನಿಯ ಮೊದಲ ಸರಕು ಟರ್ನ್‌ಟೇಬಲ್ ಅಲ್ಲ, ಕಾರ್ಟ್ರಿಜ್. ಎಲ್‌ಪಿ60ಎಕ್ಸ್ 2019ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂದಾಗ ಬೆಲೆ 99 ಡಾಲರ್. ಬೆಲ್ಟ್‌ನಿಂದ ತಿರುಗುವ ಅಲ್ಯೂಮಿನಿಯಂ ತಟ್ಟೆ, ಒಳಗೇ ಅಡಕವಾದ ಫೋನೊ ಪ್ರೀಆ್ಯಂಪ್, 33⅓ ಮತ್ತು 45ರ ಎರಡು ವೇಗ, ಏಳು ಮತ್ತು ಹನ್ನೆರಡು ಇಂಚಿನ ರೆಕಾರ್ಡಿಗೆ ಒಂದು ಸ್ವಿಚ್. ಅದೇ ವರ್ಷ ಬಂದ ಸೋನಿ ಪಿಎಸ್-ಎಲ್‌ಎಕ್ಸ್310ಬಿಟಿ ಕೂಡ ಸರಿಸುಮಾರು ಇದೇ ವರ್ಗದ್ದು; ಅದಕ್ಕೆ ಬ್ಲೂಟೂತ್ ಇದೆ.

ಎಲ್‌ಪಿ60ಎಕ್ಸ್‌ನಲ್ಲಿ ಕಾರ್ಟ್ರಿಜ್ ತೋಳಿನ ಭಾಗವೇ ಆಗಿರುತ್ತದೆ. ಮುಳ್ಳನ್ನು ಎಳೆದು ಬದಲಿಸಬಹುದು, ಕಾರ್ಟ್ರಿಜ್ ಬಿಚ್ಚಿ ಬೇರೆಯದನ್ನು ಕೂರಿಸಲಾಗದು. ಮುಳ್ಳು ರೆಕಾರ್ಡಿನ ಮೇಲೆ ಊರುವ ಭಾರವನ್ನೂ ಕಾರ್ಖಾನೆಯಲ್ಲೇ ನಿಗದಿ ಮಾಡಿರುತ್ತಾರೆ. ಹೊಸಬರಿಗೆ ಇದರಿಂದ ನೆಮ್ಮದಿ. ಎರಡು ವರ್ಷ ಕೇಳಿ ಕಿವಿ ಪಳಗಿದವರಿಗೆ ಇದೇ ಗೋಡೆ.

ಇನ್ನೊಂದು ದಾರಿ ತುಸು ದುಬಾರಿ. ಅದೇ ಕಂಪನಿಯ ಎಲ್‌ಪಿ3 ಪೂರ್ತಿ ಆಟೊಮ್ಯಾಟಿಕ್ ಆಗಿದ್ದೂ ಅದರ ಕಾರ್ಟ್ರಿಜ್ ಅನ್ನು ಎರಡು ಸ್ಕ್ರೂ ಬಿಚ್ಚಿ ಬದಲಿಸಬಹುದು. ಡೆನಾನ್ ಡಿಪಿ-300ಎಫ್‌ನಲ್ಲೂ ಹಾಗೆಯೇ. ತೋಳಿನ ಹಿಂದಿನ ತೂಕದ ಬಿಲ್ಲೆ ತಿರುಗಿಸಿ ಭಾರ ಹೊಂದಿಸಿಕೊಳ್ಳುವ ಸೌಲಭ್ಯವೂ ಇವೆರಡರಲ್ಲಿ ಇದೆ. ಆಡಿಯೊ-ಟೆಕ್ನಿಕಾದ ಎಲ್‌ಪಿ70ಎಕ್ಸ್ ವಿಎಂ95 ಕುಟುಂಬದ ಕಾರ್ಟ್ರಿಜ್‌ನೊಂದಿಗೆ ಬರುತ್ತದೆ. ಇನ್ನೂ ಮೇಲಿನ ಬೆಲೆಗೆ ಪ್ರೊ-ಜೆಕ್ಟ್ ಕಂಪನಿಯ ಆಟೊಮ್ಯಾಟ್ ಎ1 ಇದೆ. ಅದರ ಆರ್ಟೊಫೋನ್ ಓಎಂ10 ಕಾರ್ಟ್ರಿಜ್‌ಗೆ ಅದೇ ಸರಣಿಯ ಓಎಂ20, ಓಎಂ30 ಮುಳ್ಳುಗಳು ಹಾಗೆಯೇ ಕೂರುತ್ತವೆ.

ಆದ್ದರಿಂದ ಅಂಗಡಿಯಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ಬ್ಲೂಟೂತ್ ಇದೆಯೇ ಎಂಬುದಲ್ಲ. ಇದರ ಕಾರ್ಟ್ರಿಜ್ ಬದಲಾಗುತ್ತದೆಯೇ? ಇಲ್ಲವಾದರೆ ಅದಕ್ಕೆ ಯಾವ ಯಾವ ಮುಳ್ಳು ಸಿಗುತ್ತದೆ?

ನೋಡಲು ಮುದ್ದಾದ ಸೂಟ್‌ಕೇಸ್ ಮಾದರಿಯ ಅಗ್ಗದ ಪ್ಲೇಯರ್‌ಗಳ ವಿಷಯ ಬೇರೆ. ಅವುಗಳಲ್ಲಿ ಬಹುಪಾಲು ಸೆರಾಮಿಕ್ ಕಾರ್ಟ್ರಿಜ್. ಮುಳ್ಳಿನ ಭಾರ ಐದು ಗ್ರಾಂ ಆಸುಪಾಸು. ಒಳ್ಳೆಯ ಮ್ಯಾಗ್ನೆಟ್ ಕಾರ್ಟ್ರಿಜ್‌ಗೆ ಎರಡು ಗ್ರಾಂ ಸಾಕು. ಅಪರೂಪದ ರೆಕಾರ್ಡುಗಳಿರುವವರು ಈ ಪ್ಲೇಯರ್‌ಗಳಿಂದ ದೂರ ಇರುವುದೇ ಲೇಸು.

ಮುಳ್ಳಿನ ತುದಿಯ ಆಕಾರ

ಅಗ್ಗದ ಯಂತ್ರಗಳ ಜೊತೆ ಬರುವ ಮುಳ್ಳಿನ ತುದಿ ಸಾಮಾನ್ಯವಾಗಿ ದುಂಡು. ಅದರ ತ್ರಿಜ್ಯ ಸುಮಾರು 15 ಮೈಕ್ರಾನ್. ಇನ್ನೊಂದು ಬಗೆ ಮೊಟ್ಟೆಯಾಕಾರದ್ದು. ಗೆರೆಯ ಗೋಡೆಗೆ ತಾಗುವ ಅದರ ಅಂಚಿನ ತ್ರಿಜ್ಯ ಸುಮಾರು 8 ಮೈಕ್ರಾನ್. ತುದಿ ತೆಳುವಾದಷ್ಟೂ ಗೆರೆಯ ಅತಿ ಸೂಕ್ಷ್ಮ ತಿರುವುಗಳೊಳಗೆ ಅದು ಇಳಿಯುತ್ತದೆ.

ವ್ಯತ್ಯಾಸ ಎದ್ದು ಕೇಳುವುದು ಬದಿಯ ಕೊನೆಯಲ್ಲಿ. ತಟ್ಟೆಯ ವೇಗ ಒಂದೇ ಆದರೂ ಮುಳ್ಳಿನ ಕೆಳಗೆ ಗೆರೆ ಓಡುವ ವೇಗ ಒಂದೇ ಅಲ್ಲ. ಹೊರ ಅಂಚಿನಲ್ಲಿ ಅದು ಸೆಕೆಂಡಿಗೆ ಸುಮಾರು 51 ಸೆಂಟಿಮೀಟರ್, ಲೇಬಲಿನ ಬಳಿ ಬರೀ 21. ಅದೇ ಸಂಗೀತವನ್ನು ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ಅಡಕಿರುತ್ತಾರೆ. ಮಲ್ಲಿಕಾರ್ಜುನ ಮನ್ಸೂರರ ಅಥವಾ ಭೀಮಸೇನ ಜೋಶಿಯವರ ಎಲ್‌ಪಿಗಳಲ್ಲಿ ಬದಿಯುದ್ದಕ್ಕೂ ಒಂದೇ ರಾಗ ನಡೆಯುವಾಗ ಇದರ ಪರಿಣಾಮ ಸ್ಪಷ್ಟ. ವಿಲಂಬಿತ್ ಹೊರಗಿನ ವಿಶಾಲ ಜಾಗದಲ್ಲಿ ಹರಡಿಕೊಂಡಿರುತ್ತದೆ. ದ್ರುತ್ ಲಯದ ತಾನುಗಳು ಬರುವುದು ಜಾಗ ಇಕ್ಕಟ್ಟಾದ ಒಳಗಿನ ಗೆರೆಗಳಲ್ಲಿ. ದುಂಡು ಮುಳ್ಳು ಅಲ್ಲಿ 'ಸ', 'ಶ' ಅಕ್ಷರಗಳನ್ನು ಒರಟು ಮಾಡುತ್ತದೆ, ತಾನಿನ ಸ್ವರಗಳನ್ನು ಮಸುಕಾಗಿಸುತ್ತದೆ. ಮೊಟ್ಟೆಯಾಕಾರದ ಮುಳ್ಳು ಅವನ್ನು ಬಿಡಿಬಿಡಿಯಾಗಿ ಕೊಡುತ್ತದೆ.

ಎಲ್‌ಪಿ60ಎಕ್ಸ್‌ನ ಮುಳ್ಳಿನ ಜಾಗಕ್ಕೆ ಬೇರೆ ತಯಾರಕರ ಮೊಟ್ಟೆಯಾಕಾರದ ಮುಳ್ಳುಗಳು ಸಿಗುತ್ತವೆ. ಬದಲಿಸಲು ಸ್ಕ್ರೂಡ್ರೈವರ್ ಕೂಡ ಬೇಡ. ವಿಎಂ95 ಕುಟುಂಬದಲ್ಲಿ ಆಯ್ಕೆ ಇನ್ನೂ ವಿಶಾಲ: ದುಂಡು ತುದಿಯ 95ಸಿ, ಮೊಟ್ಟೆಯಾಕಾರದ 95ಇ, ಅದಕ್ಕೂ ಸೂಕ್ಷ್ಮವಾದ 95ಎಂಎಲ್ ಮುಳ್ಳುಗಳು ಒಂದರ ಜಾಗದಲ್ಲಿ ಇನ್ನೊಂದು ಕೂರುವಂತೆ ರೂಪುಗೊಂಡಿವೆ. ಬಾಳಿಕೆಯಲ್ಲೂ ವ್ಯತ್ಯಾಸವಿದೆ. ಕಂಪನಿ ಹೇಳುವಂತೆ ದುಂಡು ಮುಳ್ಳಿಗೆ ಸುಮಾರು 500 ಗಂಟೆ, ಮೊಟ್ಟೆಯಾಕಾರದ್ದಕ್ಕೆ 300, ಎಂಎಲ್‌ಗೆ 1,000. ದಿನಕ್ಕೆ ಒಂದು ಗಂಟೆ ಕೇಳುವ ಮನೆಯಲ್ಲಿ 95ಇ ಹತ್ತು ತಿಂಗಳಿಗೆ ಬದಲಾಗಬೇಕು. ಸೆಕೆಂಡ್‌ಹ್ಯಾಂಡ್ ಯಂತ್ರ ಕೊಳ್ಳುವವರು ಅದರ ಜೊತೆ ಹೊಸ ಮುಳ್ಳಿನ ಬೆಲೆಯನ್ನೂ ಸೇರಿಸಿಯೇ ಲೆಕ್ಕ ಹಾಕಬೇಕು.

ಒಂದು ಸ್ವಿಚ್ಚಿನ ಗೊಂದಲ

ಮನೆಗೆ ತಂದು ಜೋಡಿಸಿದ ಮೊದಲ ದಿನ ಧ್ವನಿ ಪಿಸುಮಾತಿನಂತೆ ಸಣ್ಣಗೆ ಬಂದರೆ, ಇಲ್ಲವೇ ಕರ್ಕಶವಾಗಿ ಒಡೆದರೆ, ಯಂತ್ರ ಕೆಟ್ಟಿದೆ ಎಂದು ಗಾಬರಿಯಾಗಬೇಕಿಲ್ಲ. ಕಾರ್ಟ್ರಿಜ್‌ನಿಂದ ಹೊರಡುವ ವಿದ್ಯುತ್ ಕೆಲವೇ ಮಿಲಿವೋಲ್ಟ್. ಅದಲ್ಲದೆ ರೆಕಾರ್ಡು ಕೊರೆಯುವಾಗ ಮಂದ್ರದ ಧ್ವನಿಯನ್ನು ತಗ್ಗಿಸಿ ತಾರದ ಧ್ವನಿಯನ್ನು ಹಿಗ್ಗಿಸಿರುತ್ತಾರೆ. 1954ರಿಂದ ಇದಕ್ಕೆ ಆರ್‌ಐಎಎ ಎಂಬ ಸಮಾನ ಅಳತೆ ಇದೆ. ಅದನ್ನು ತಿರುಗಿಸಿ ಸರಿಮಾಡುವುದು ಫೋನೊ ಪ್ರೀಆ್ಯಂಪ್‌ನ ಕೆಲಸ. ಆ್ಯಂಪ್ಲಿಫೈಯರ್‌ನಲ್ಲಿ 'ಫೋನೊ' ಎಂಬ ಜಾಗವಿದ್ದರೆ ಟರ್ನ್‌ಟೇಬಲ್‌ನ ಸ್ವಿಚ್ಚನ್ನು 'ಫೋನೊ'ಗೆ ಇಡಬೇಕು, ಇಲ್ಲದಿದ್ದರೆ 'ಲೈನ್'ಗೆ. ಎರಡು ಪ್ರೀಆ್ಯಂಪ್ ಸಾಲಾಗಿ ಕೆಲಸ ಮಾಡಿದರೆ ಧ್ವನಿ ಒಡೆಯುತ್ತದೆ, ಒಂದೂ ಇಲ್ಲದಿದ್ದರೆ ಪೇಲವವಾಗುತ್ತದೆ.

ದುಡ್ಡು ಯಾವುದಕ್ಕೆ ಮೊದಲು?

ಮೊದಲ ಸುಧಾರಣೆಗೆ ಖರ್ಚೇ ಇಲ್ಲ. ಟರ್ನ್‌ಟೇಬಲ್ ಮತ್ತು ಸ್ಪೀಕರ್ ಒಂದೇ ಮೇಜಿನ ಮೇಲಿದ್ದರೆ ಸ್ಪೀಕರಿನ ಅದುರು ಮುಳ್ಳಿಗೆ ತಲುಪಿ ಮತ್ತೆ ಸ್ಪೀಕರಿನಿಂದಲೇ ಹೊರಬರುತ್ತದೆ. ಮೃದಂಗದ ಎಡದ ನಾದ ಗುಂಯ್‌ಗುಡಲು ಇದೇ ಕಾರಣವಿರಬಹುದು. ನಮ್ಮ ಹಳೆಯ ಮನೆಗಳ ಗೋಡೆಯೊಳಗೆ ಕೂರಿಸಿದ ಕಡಪ ಕಲ್ಲಿನ ಹಲಗೆ ಟರ್ನ್‌ಟೇಬಲ್‌ಗೆ ಹೇಳಿ ಮಾಡಿಸಿದ ಜಾಗ. ಮೇಸ್ತ್ರಿಗಳ ರಸಮಟ್ಟ ಇಟ್ಟು ನಾಲ್ಕೂ ಮೂಲೆ ಸಮ ಮಾಡಿಕೊಂಡರೆ ತೋಳು ಒಂದು ಕಡೆಗೆ ವಾಲುವುದಿಲ್ಲ.

ಎರಡನೆಯದು ಶುಚಿ. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ರೆಕಾರ್ಡಿಗೂ ಬೂಷ್ಟು ಹಿಡಿಯುತ್ತದೆ. ಪ್ರತಿ ಬಾರಿ ಹಾಕುವ ಮುನ್ನ ಕಾರ್ಬನ್ ಫೈಬರ್ ಬ್ರಷ್ ಆಡಿಸಬೇಕು. ಕೊಳೆ ಗಟ್ಟಿಯಾಗಿದ್ದರೆ ಡಿಸ್ಟಿಲ್ಡ್ ವಾಟರ್‌ಗೆ ಒಂದೆರಡು ಹನಿ ಸೌಮ್ಯ ಸೋಪು ಬೆರೆಸಿ, ಲೇಬಲ್ ನೆನೆಯದಂತೆ ಗೆರೆಗುಂಟ ಒರೆಸಬೇಕು. ಹಳೆಯ ರೆಕಾರ್ಡಿನ ಚಟಪಟದಲ್ಲಿ ದೊಡ್ಡ ಪಾಲು ಬರೀ ಧೂಳಿನದು.

ಮೂರನೆಯದು ಮುಳ್ಳು, ನಾಲ್ಕನೆಯದು ಸ್ಪೀಕರ್. ಯಂತ್ರಕ್ಕಿಂತ ಸ್ಪೀಕರಿಗೆ ಹೆಚ್ಚು ದುಡ್ಡು ಎತ್ತಿಡುವುದು ಜಾಣತನ. ಯಂತ್ರ ಬದಲಾದರೂ ಸ್ಪೀಕರ್ ಉಳಿಯುತ್ತದೆ. ಹೊರಗಿನ ಪ್ರೀಆ್ಯಂಪ್ ಐದನೆಯದು. ದುಂಡು ಮುಳ್ಳನ್ನೇ ಉಳಿಸಿಕೊಂಡು ದುಬಾರಿ ಪ್ರೀಆ್ಯಂಪ್ ತಂದರೆ, ಒಳಗಿನ ಗೆರೆಯ ಒರಟುತನ ಇನ್ನಷ್ಟು ಸ್ಪಷ್ಟವಾಗಿ ಕೇಳುತ್ತದೆ, ಅಷ್ಟೇ. ಬ್ಲೂಟೂತ್ ಅನುಕೂಲದ ವಸ್ತು. ಆದರೆ ಅದು ಧ್ವನಿಯನ್ನು ಡಿಜಿಟಲ್‌ಗೆ ತಿರುಗಿಸಿ ಕುಗ್ಗಿಸಿ ಕಳಿಸುವುದರಿಂದ, ಗಮನವಿಟ್ಟು ಕೇಳಲು ಕೂರುವಾಗ ತಂತಿಯೇ ಮೇಲು.

ಇಷ್ಟೆಲ್ಲ ಆದ ಮೇಲೂ ಆಲಾಪದ ಮೌನಗಳ ನಡುವೆ ಮೋಟಾರಿನ ಗುಡುಗುಡು ಕೇಳುತ್ತಿದ್ದರೆ, ಉದ್ದನೆಯ ಷಡ್ಜ ಅಲೆಅಲೆಯಾಗಿ ತೂಗುತ್ತಿದ್ದರೆ, ಮೊದಲು ಬೆಲ್ಟ್ ಬದಲಿಸಿ ನೋಡಬೇಕು. ಆಗಲೂ ಸರಿಹೋಗದಿದ್ದರೆ ಯಂತ್ರ ಬದಲಿಸುವ ಕಾಲ ಬಂದಿದೆ.

ವಿದೇಶದಿಂದ ತಂದದ್ದು, ಅಜ್ಜನ ಕಾಲದ್ದು

ಅಮೆರಿಕದಲ್ಲಿರುವ ಮಕ್ಕಳೋ ನೆಂಟರೋ ಅಲ್ಲಿನ ಹಳೆಯ ಟರ್ನ್‌ಟೇಬಲ್ ತಂದುಕೊಡುವುದುಂಟು. ಅಲ್ಲಿ 120 ವೋಲ್ಟ್, 60 ಹರ್ಟ್ಸ್. ಇಲ್ಲಿ 230 ವೋಲ್ಟ್, 50 ಹರ್ಟ್ಸ್. ಟ್ರಾನ್ಸ್‌ಫಾರ್ಮರ್ ಇಟ್ಟರೆ ವೋಲ್ಟೇಜ್ ಸರಿಹೋಗುತ್ತದೆ, ಹರ್ಟ್ಸ್ ಹೋಗುವುದಿಲ್ಲ. ಹಳೆಯ ಎಸಿ ಸಿಂಕ್ರೋನಸ್ ಮೋಟಾರು ಹರ್ಟ್ಸ್‌ಗೆ ತಕ್ಕಂತೆ ತಿರುಗುವುದರಿಂದ 33⅓ರ ತಟ್ಟೆ ಇಲ್ಲಿ 28 ಸುತ್ತಿಗೂ ತುಸು ಕಡಿಮೆಗೆ ಇಳಿದು, ಶ್ರುತಿಯೇ ಕುಸಿಯುತ್ತದೆ. ಎಲ್‌ಪಿ60ಎಕ್ಸ್‌ನಂತೆ ಅಡಾಪ್ಟರ್‌ನಿಂದ ಡಿಸಿ ವಿದ್ಯುತ್ ಪಡೆಯುವ ಯಂತ್ರಗಳಿಗೆ ಈ ತೊಂದರೆ ಇಲ್ಲ.

ಬೆಂಗಳೂರಿನ ಚಿಕ್ಕಪೇಟೆ ಸುತ್ತಿನ ಭಾನುವಾರದ ಸಂತೆಯಂಥ ಕಡೆ ಹಳೆಯ ಆಟೊಮ್ಯಾಟಿಕ್ ಕೊಳ್ಳುವವರು ಒಂದು ರೆಕಾರ್ಡು ಹಾಕಿಸಿ ಕೊನೆಯವರೆಗೂ ನೋಡಬೇಕು. ದಶಕಗಳಲ್ಲಿ ಗ್ರೀಸ್ ಗಟ್ಟಿಯಾಗಿ ತೋಳು ನಡುದಾರಿಯಲ್ಲೇ ನಿಲ್ಲುವುದು ಸಾಮಾನ್ಯ. ಹಳೆಯ ಗ್ರೀಸ್ ಒರೆಸಿ ಹೊಸದು ಹಚ್ಚಿದರೆ ಅನೇಕ ಯಂತ್ರಗಳು ಮತ್ತೆ ಸರಾಗವಾಗುತ್ತವೆ. ಪ್ಲಾಸ್ಟಿಕ್ ಹಲ್ಲುಚಕ್ರ ಮುರಿದಿದ್ದರೆ ಮಾತ್ರ ಬಿಡಿಭಾಗ ಸಿಗುವುದು ಕಷ್ಟ.

ಇನ್ನು ಅಟ್ಟದ ಮೇಲಿನ, ನಿಮಿಷಕ್ಕೆ 78 ಸುತ್ತಿನ ಪ್ಲೇಟುಗಳು. ಗಂಗೂಬಾಯಿ ಹಾನಗಲ್ ಅವರು 'ಗಾಂಧಾರಿ' ಹೆಸರಿನಲ್ಲಿ ಹಾಡಿದ ಆರಂಭದ ಮುದ್ರಿಕೆಗಳು, ಪಿ. ಕಾಳಿಂಗರಾಯರ ಭಾವಗೀತೆಗಳು ಹೊರಬಂದದ್ದು ಆ ಪ್ಲೇಟುಗಳ ಕಾಲದಲ್ಲಿ. ಅಗ್ಗದ ಹೊಸ ಆಟೊಮ್ಯಾಟಿಕ್‌ಗಳಲ್ಲಿ ಸಾಮಾನ್ಯವಾಗಿ 78ರ ವೇಗವಿಲ್ಲ. ವೇಗವಿದ್ದರೂ ಎಲ್‌ಪಿ ಮುಳ್ಳು ನಡೆಯದು. 78ರ ಅಗಲ ಗೆರೆಗೆ ಸುಮಾರು 75 ಮೈಕ್ರಾನ್ ತುದಿ ಬೇಕು. ಅವು ಅರಗಿನಿಂದ ಮಾಡಿದವು, ಸ್ಪಿರಿಟ್ ತಾಗಿದರೆ ಅರಗು ಕರಗುತ್ತದೆ. ಆದ್ದರಿಂದ ಅವಕ್ಕೆ ಆಲ್ಕೋಹಾಲ್ ಇರುವ ಯಾವ ದ್ರಾವಣವನ್ನೂ ಸೋಕಿಸಬಾರದು. ಇಂಥ ಸಂಗ್ರಹವಿರುವವರು ಆಟೊಮ್ಯಾಟಿಕ್ ಜೊತೆಗೆ ಮೂರು ವೇಗದ ಮ್ಯಾನ್ಯುಯಲ್ ಯಂತ್ರವೊಂದನ್ನು ಯೋಚಿಸಬೇಕು. ಆಡಿಯೊ-ಟೆಕ್ನಿಕಾದ ಎಲ್‌ಪಿ120ಎಕ್ಸ್ ಅಂಥದ್ದು. ಅದರ ಕಾರ್ಟ್ರಿಜ್ ಅದೇ ವಿಎಂ95 ಕುಟುಂಬದ್ದು. 78ಕ್ಕೆಂದೇ ಮಾಡಿದ 95ಎಸ್‌ಪಿ ಮುಳ್ಳನ್ನು ಅದಕ್ಕೆ ಹಾಕಿ, ಪ್ಲೇಟುಗಳನ್ನು ಒಮ್ಮೆ ಕಂಪ್ಯೂಟರಿಗೆ ಇಳಿಸಿಕೊಳ್ಳಬಹುದು. ದಿನನಿತ್ಯ ಎಲ್‌ಪಿ ಕೇಳುವ ಕೆಲಸಕ್ಕೆ ಆಟೊಮ್ಯಾಟಿಕ್ ಇದ್ದೇ ಇದೆ.