ಹೊಡೆಯುವಾಕೆ, ಆಡಿಸುವಾಕೆ: ಮಹಿಳಾ ಟೆನಿಸ್ ಫೈನಲ್‌ಗೆ ಮುನ್ನ ಬಿಡಬೇಕಾದ ನಂಬಿಕೆಗಳು

ಮಾರಿಕುಪ್ಪಂನಿಂದ ಹೊರಟು ಚಾಂಪಿಯನ್, ಊರಿಗಾಂ, ಕೋರಮಂಡಲ್ ದಾಟಿ ಬಂಗಾರಪೇಟೆಗೆ ಬರುವ ಬೆಳಗಿನ ರೈಲಿನಲ್ಲಿ ಆಟದ ಮಾತಿಗೆ ಬರವಿಲ್ಲ. ಫುಟ್‌ಬಾಲು, ಹಾಕಿ ಕೆಜಿಎಫ್ ಎಂಬ ಈ ಗಣಿ ಊರಿನ ಹಳೆಯ ಹುಚ್ಚು. ಕ್ರಿಕೆಟ್ಟಂತೂ ಇದ್ದೇ ಇದೆ. ಟೆನಿಸ್ ಮಾತು ಏಳುವುದು ದೊಡ್ಡ ಟೂರ್ನಿಯ ಕೊನೆಯ ವಾರದಲ್ಲಿ. ಮಹಿಳೆಯರ ಫೈನಲ್‌ನಲ್ಲಿ ಒಬ್ಬರು ಚೆಂಡನ್ನು ಚಚ್ಚುವವರು, ಇನ್ನೊಬ್ಬರು ಅದನ್ನು ತಿರುಗಿಸಿ ಎದುರಾಳಿಯನ್ನು ಓಡಿಸುವವರು ಎಂದಾದರೆ ಮಾತಿಗೆ ಕಾವು ಹೆಚ್ಚು. ಆ ಮಾತಿನಲ್ಲಿ ಅರ್ಧ ಆಟದ ತಿಳಿವಳಿಕೆ, ಇನ್ನರ್ಧ ಎಲ್ಲಿಂದಲೋ ಬಂದು ಕೂತ ನಂಬಿಕೆ. ನಾವೆಲ್ಲ ಆ ನಂಬಿಕೆಗಳ ನಡುವೆಯೇ ಆಟ ನೋಡುವುದನ್ನು ಕಲಿತವರು.

ಇಂಥ ಫೈನಲ್ ನಮ್ಮ ರೈಲು ಮಾರ್ಗದ ಕೊನೆಯಾದ ಬೆಂಗಳೂರಿನಲ್ಲೇ ಒಮ್ಮೆ ನಡೆದಿದೆ. 2008ರ ಮಾರ್ಚ್ 9, ಭಾನುವಾರ. ಕಬ್ಬನ್ ಪಾರ್ಕಿನಲ್ಲಿರುವ ರಾಜ್ಯ ಟೆನಿಸ್ ಸಂಸ್ಥೆಯಾದ ಕೆಎಸ್‌ಎಲ್‌ಟಿಎ ಅಂಗಳ. ಆರು ಲಕ್ಷ ಡಾಲರ್ ಬಹುಮಾನದ ಬೆಂಗಳೂರು ಓಪನ್. ಒಂದು ಕಡೆ ಆ ಹೊತ್ತಿಗೆ ಎಂಟು ಗ್ರ್ಯಾಂಡ್‌ಸ್ಲಾಮ್ ಗೆದ್ದಿದ್ದ ಸೆರೆನಾ ವಿಲಿಯಮ್ಸ್, ಇನ್ನೊಂದು ಕಡೆ ಸ್ವಿಟ್ಜರ್ಲೆಂಡಿನ ಎಡಗೈ ಆಟಗಾರ್ತಿ ಪ್ಯಾಟಿ ಶ್ನೈಡರ್. ಬಲದ ಆಟವೂ, ಚೆಂಡು ತಿರುಗಿಸಿ ಓಡಿಸುವ ಬಳಸಾಟವೂ ಎದುರುಬದುರಾದ ಪಂದ್ಯ ಅದು. ಮುಂದಿನ ಯಾವುದೇ ಫೈನಲ್‌ಗೆ ಕೂರುವ ಮೊದಲು ಅದನ್ನು ನೆನಪಿನಲ್ಲಿಟ್ಟುಕೊಂಡು ನಮ್ಮ ನಂಬಿಕೆಗಳನ್ನು ಒಂದೊಂದಾಗಿ ನೋಡೋಣ.

ತಪ್ಪು ಕಲ್ಪನೆ: ಇಬ್ಬರಲ್ಲಿ ಯಾರು ಜೋರಾಗಿ ಹೊಡೆಯುತ್ತಾರೋ ಅವರೇ ಗೆಲ್ಲುವುದು, ಮಿಕ್ಕಿದ್ದೆಲ್ಲ ಅಲಂಕಾರ.

ವಾಸ್ತವ: ಬೆಂಗಳೂರಿನಲ್ಲಿ ಸೆರೆನಾ 7-5, 6-3ರಿಂದ ಗೆದ್ದದ್ದನ್ನೇ ಇದಕ್ಕೆ ಸಾಕ್ಷಿ ಎನ್ನುವವರಿದ್ದಾರೆ. ಆದರೆ ಮೊದಲ ಸೆಟ್ಟಿನ ಅಂಕಿಯನ್ನು ನೋಡಿ. ಹನ್ನೆರಡು ಗೇಮ್ ಬೇಕಾಯಿತು. ಬಲವೊಂದೇ ತೀರ್ಮಾನಿಸುವುದಾದರೆ ಆ ಸೆಟ್ಟು ಅಷ್ಟು ಉದ್ದ ಹೋಗುತ್ತಿರಲಿಲ್ಲ.

ಜೋರಾಗಿ ಹೊಡೆಯಲು ಚೆಂಡು ಸೊಂಟದ ಎತ್ತರಕ್ಕೆ ಬರಬೇಕು, ಕಾಲು ಊರಲು ಸಮಯ ಸಿಗಬೇಕು. ಬಳಸಾಟದವರು ಕಸಿದುಕೊಳ್ಳುವುದು ಈ ಎರಡನ್ನೇ. ಟಾಪ್‌ಸ್ಪಿನ್ ಹಾಕಿದ ಚೆಂಡು ಭುಜದ ಮೇಲಕ್ಕೆ ಏಳುತ್ತದೆ. ಸ್ಲೈಸ್ ಮಾಡಿದ ಚೆಂಡು ಮೊಣಕಾಲಿನ ಕೆಳಗೆ ಜಾರುತ್ತದೆ. ನಡುವೆ ಒಂದು ಡ್ರಾಪ್ ಶಾಟ್ ಬಂದರೆ ಬೇಸ್‌ಲೈನ್ ಹಿಂದೆ ನಿಂತವರು ಮುಂದಕ್ಕೆ ಓಡಬೇಕು. ಒಂದೇ ಎತ್ತರದ ಎರಡು ಚೆಂಡು ಸತತವಾಗಿ ಸಿಗದಿದ್ದರೆ ಎಂಥ ಬಲವೂ ನೆಟ್ಟಿಗೋ ಗೆರೆಯಾಚೆಗೋ ಹೋಗುತ್ತದೆ.

ಹುಲ್ಲಿನ ಅಂಗಳ ಬಲಾಢ್ಯರ ಮನೆ ಎನ್ನುತ್ತೇವೆ. 2019ರ ವಿಂಬಲ್ಡನ್ ಫೈನಲ್‌ನಲ್ಲಿ ಅದೇ ಸೆರೆನಾರನ್ನು ರುಮೇನಿಯಾದ ಸಿಮೊನಾ ಹಲೆಪ್ 6-2, 6-2ರಿಂದ ಸೋಲಿಸಿದರು. 56 ನಿಮಿಷದ ಆಟದಲ್ಲಿ ಹಲೆಪ್ ತಾವಾಗಿ ಮಾಡಿದ ತಪ್ಪು ಮೂರೇ. ಬಲ ಗೆಲ್ಲುವುದಿಲ್ಲ ಎಂದು ಇದರ ಅರ್ಥವಲ್ಲ. ತನಗೆ ಬೇಕಾದ ಚೆಂಡನ್ನು ಎದುರಾಳಿಯಿಂದ ಪಡೆದುಕೊಳ್ಳಬಲ್ಲವರು ಗೆಲ್ಲುತ್ತಾರೆ. ಶೈಲಿಗಳ ಫೈನಲ್ ಎಂದರೆ ಇಬ್ಬರಲ್ಲಿ ಯಾರು ಯಾರನ್ನು ತಮ್ಮ ಆಟದೊಳಗೆ ಎಳೆದುಕೊಳ್ಳುತ್ತಾರೆ ಎಂಬ ಜಗ್ಗಾಟ. ಮುಂದಿನ ಮಾತೆಲ್ಲ ಇದಕ್ಕೇ ಬಂದು ಸೇರುತ್ತದೆ.

ತಪ್ಪು ಕಲ್ಪನೆ: ನಮ್ಮ ಕೋಲಾರ, ಬೆಂಗಳೂರಿನ ಎತ್ತರದ ನೆಲದಲ್ಲಿ ಗಾಳಿ ತೆಳು, ಚೆಂಡು ಹಾರುತ್ತದೆ, ಹಾಗಾಗಿ ಇಲ್ಲಿ ಹೊಡೆಯುವವರಿಗೇ ಕಪ್ ಖಚಿತ.

ವಾಸ್ತವ: ಇದರಲ್ಲಿ ಅರ್ಧ ನಿಜ. ಅದಕ್ಕೇ ಇದು ಹೆಚ್ಚು ದಾರಿ ತಪ್ಪಿಸುತ್ತದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಕೆಜಿಎಫ್, ಬಂಗಾರಪೇಟೆ ಸುಮಾರು 850 ಮೀಟರ್. ಈ ಎತ್ತರದಲ್ಲಿ ಗಾಳಿಯ ಸಾಂದ್ರತೆ ಸಮುದ್ರತೀರಕ್ಕಿಂತ ಸುಮಾರು ನೂರಕ್ಕೆ ಎಂಟರಷ್ಟು ಕಡಿಮೆ. ಗಾಳಿ ಎತ್ತರಕ್ಕೂ ಆಳಕ್ಕೂ ತಕ್ಕಂತೆ ಬದಲಾಗುವುದನ್ನು ನಮ್ಮೂರಿನ ಹಿರಿಯರಿಗೆ ಯಾರೂ ಹೇಳಿಕೊಡಬೇಕಿಲ್ಲ. ಮೂರು ಕಿಲೋಮೀಟರಿಗೂ ಆಳವಾಗಿದ್ದ ಚಾಂಪಿಯನ್ ರೀಫ್ ಗಣಿಯ ತಳ ಸಮುದ್ರಮಟ್ಟಕ್ಕಿಂತ ಎರಡು ಕಿಲೋಮೀಟರಿಗೂ ಕೆಳಗಿತ್ತು. ಅಲ್ಲಿಗೆ ಇಳಿದು ದುಡಿದವರು ಗಾಳಿಯ ಒತ್ತಡವನ್ನು ಕಿವಿಯಿಂದಲೇ ಅಳೆದವರು.

ತೆಳು ಗಾಳಿಯಲ್ಲಿ ಚೆಂಡಿನ ವೇಗ ಕಡಿಮೆ ಇಳಿಯುತ್ತದೆ, ಸರಿ. ಆದರೆ ಟಾಪ್‌ಸ್ಪಿನ್ ಚೆಂಡನ್ನು ಗೆರೆಯೊಳಗೆ ಬಾಗಿಸುವುದೂ ಅದೇ ಗಾಳಿ. ಗಾಳಿ ತೆಳುವಾದರೆ ಆ ಬಾಗು ಸಡಿಲವಾಗುತ್ತದೆ. ನೇರವಾಗಿ ಬೀಸುವವರ ಚೆಂಡು ಬೇಗ ಎದುರಾಳಿಯನ್ನು ತಲುಪುತ್ತದೆ, ಅಷ್ಟೇ ಬೇಗ ಗೆರೆಯನ್ನೂ ದಾಟುತ್ತದೆ. ಲಾಭ, ನಷ್ಟ ಎರಡೂ ಇಬ್ಬರಿಗೂ ಇದೆ. ಹೊಂದಿಕೊಳ್ಳಲು ಎಷ್ಟು ದಿನ ಸಿಕ್ಕಿತು ಎಂಬುದು ಇಲ್ಲಿ ಹೆಚ್ಚು ಮುಖ್ಯ. ಫೈನಲ್ ತಲುಪುವ ಹೊತ್ತಿಗೆ ಇಬ್ಬರೂ ಇದೇ ಗಾಳಿಯಲ್ಲಿ ಹಲವು ಪಂದ್ಯ ಆಡಿರುತ್ತಾರೆ.

ಸಾಕ್ಷಿ ಬೇಕಿದ್ದರೆ ಸುಮಾರು 650 ಮೀಟರ್ ಎತ್ತರದ ಮ್ಯಾಡ್ರಿಡ್ ಇದೆ. ಅಲ್ಲಿ ಬಲದ ಆಟದ ಪೆಟ್ರಾ ಕ್ವಿಟೋವಾ 2011, 2015, 2018ರಲ್ಲಿ ಗೆದ್ದರು. ಓಡಿ ಓಡಿ ಚೆಂಡು ಮರಳಿಸುವ ಹಲೆಪ್ 2016, 2017ರಲ್ಲಿ ಗೆದ್ದರು. ಟಾಪ್‌ಸ್ಪಿನ್ ನೆಚ್ಚಿದ ಇಗಾ ಶ್ವಿಯಾಂಟೆಕ್ 2024ರಲ್ಲಿ ಗೆದ್ದರು. ಎತ್ತರ ಯಾರ ಪಕ್ಷವನ್ನೂ ವಹಿಸಲಿಲ್ಲ. ಟೆನಿಸ್ ನಿಯಮಗಳೂ ಎತ್ತರದ ಊರಿಗೆಂದು ಬೇರೆ ಚೆಂಡನ್ನು ಹೇಳುವುದು 1,219 ಮೀಟರ್ ಮೇಲೆ ಮಾತ್ರ. ನಾವು ಅದಕ್ಕಿಂತ ಕೆಳಗಿದ್ದೇವೆ.

ತಪ್ಪು ಕಲ್ಪನೆ: ಎಡಗೈ ಆಟ ಅಪಶಕುನದ್ದು, ಇಲ್ಲವೇ ಅದೊಂದು ವರ, ಹೇಗಿದ್ದರೂ ಅದು ಆಟಕ್ಕೆ ಹೊರಗಿನದು.

ವಾಸ್ತವ: ಎಡಗೈಯಲ್ಲಿ ಕೊಡಬೇಡ, ತಿನ್ನಬೇಡ ಎಂದು ಮಕ್ಕಳನ್ನು ಗದರಿಸಿ ಬಲಗೈಗೆ ಬದಲಾಯಿಸುವ ಮನೆಗಳು ನಮ್ಮಲ್ಲಿ ಇನ್ನೂ ಇವೆ. ದಯವಿಟ್ಟು ನಿಲ್ಲಿಸಿ. ಮಾರ್ಟಿನಾ ನವ್ರಾಟಿಲೋವಾ, ಮೋನಿಕಾ ಸೆಲೆಸ್, ಏಂಜಲಿಕ್ ಕೆರ್ಬರ್ ಎಲ್ಲರೂ ಎಡಗೈ ಆಟಗಾರ್ತಿಯರೇ.

ಎಡಗೈಗೆ ಸಿಗುವ ಲಾಭಕ್ಕೆ ಅಂಗಳದ ರೇಖಾಗಣಿತವೇ ಕಾರಣ. 30-40, 40-30, ಡ್ಯೂಸ್ ನಂತರದ ಅಡ್ವಾಂಟೇಜ್ ಪಾಯಿಂಟುಗಳನ್ನೆಲ್ಲ ಆಡುವುದು ಸರ್ವ್ ಮಾಡುವವರ ಎಡಭಾಗದಿಂದ. ಅಲ್ಲಿಂದ ಎಡಗೈಯವರು ತಿರುಗಿಸಿ ಬಿಟ್ಟ ಸರ್ವ್, ಬಲಗೈ ಎದುರಾಳಿಯ ಬ್ಯಾಕ್‌ಹ್ಯಾಂಡ್ ಕಡೆಗೆ ಅಂಗಳದ ಹೊರಕ್ಕೆ ಬಾಗುತ್ತದೆ. ಬ್ರೇಕ್ ಪಾಯಿಂಟುಗಳಲ್ಲಿ ಬಹುಪಾಲು ಇದೇ ಕಡೆ ಬರುವುದರಿಂದ ಕಷ್ಟದ ಹೊತ್ತಿಗೆ ಒಳ್ಳೆಯ ಸರ್ವ್ ಕೈಯಲ್ಲಿರುತ್ತದೆ. ಬಲಗೈಯವರಿಗೆ ದಿನವೂ ಅಭ್ಯಾಸಕ್ಕೆ ಸಿಗುವುದು ಹೆಚ್ಚಾಗಿ ಬಲಗೈ ಸರ್ವ್ ಎಂಬುದೂ ಜೊತೆಗೆ ಸೇರುತ್ತದೆ. ಶ್ನೈಡರ್ 2005ರಲ್ಲಿ ವಿಶ್ವದ ಏಳನೇ ಸ್ಥಾನಕ್ಕೆ ಏರಿದ್ದೂ, 39ನೇ ವಯಸ್ಸಿನಲ್ಲಿ 2018ರ ಅಮೆರಿಕ ಓಪನ್‌ಗೆ ಅರ್ಹತಾ ಸುತ್ತು ಗೆದ್ದು ಬಂದದ್ದೂ ಶಕುನದಿಂದಲ್ಲ, ದಶಕಗಳ ದುಡಿಮೆಯಿಂದ.

ತಪ್ಪು ಕಲ್ಪನೆ: ಸೆಮಿಫೈನಲ್‌ನಲ್ಲಿ ಬೆವರು ಸುರಿಸಿದವರು ಫೈನಲ್‌ನಲ್ಲಿ ಸುಸ್ತಾಗಿ ಸೋಲುತ್ತಾರೆ.

ವಾಸ್ತವ: ಬೆಂಗಳೂರಿನ ಸೆಮಿಫೈನಲ್‌ನಲ್ಲಿ ಸೆರೆನಾ ಎದುರು ನಿಂತದ್ದು ಅಕ್ಕ ವೀನಸ್. 6-3, 3-6, 7-6. ಸೆರೆನಾ ಒಂದು ಮ್ಯಾಚ್ ಪಾಯಿಂಟ್ ಉಳಿಸಿಕೊಂಡು ಟೈಬ್ರೇಕರಿನಲ್ಲಿ ದಡ ಸೇರಿದರು. ಮರುದಿನ ಎರಡೇ ಸೆಟ್ಟಿನಲ್ಲಿ ಕಪ್ ಎತ್ತಿದರು. ದಣಿವು ಸುಳ್ಳಲ್ಲ, ಆದರೆ ಕಷ್ಟದ ಪಂದ್ಯ ಕೈಯ ಲಯವನ್ನೂ ಕೂಡಿಸಿಕೊಡುತ್ತದೆ.

ತಪ್ಪು ಕಲ್ಪನೆ: ಟಿವಿಯ ಅಂಕಿಪಟ್ಟಿಯಲ್ಲಿ ಅನ್‌ಫೋರ್ಸ್ಡ್ ಎರರ್ ಯಾರದು ಹೆಚ್ಚೋ ಅವರು ಕೆಟ್ಟದಾಗಿ ಆಡುತ್ತಿದ್ದಾರೆ, ಸೋಲು ಅವರದೇ.

ವಾಸ್ತವ: ಪ್ಯಾರಿಸ್ಸಿನ ಎರಡು ಫೈನಲ್‌ಗಳನ್ನು ಪಕ್ಕಪಕ್ಕ ಇಡೋಣ. 2017ರಲ್ಲಿ 47ನೇ ರ‍್ಯಾಂಕಿನ ಲಾಟ್ವಿಯಾ ಹುಡುಗಿ ಯೆಲೆನಾ ಒಸ್ಟಾಪೆಂಕೊ ಹಲೆಪ್ ಎದುರು 54 ತಪ್ಪು ಮಾಡಿದರು. ಹಲೆಪ್ ಮಾಡಿದ್ದು ಹತ್ತು. ಗೆದ್ದದ್ದು ಒಸ್ಟಾಪೆಂಕೊ, 4-6, 6-4, 6-3. ಏಕೆಂದರೆ ಅವರು ಹೊಡೆದ ವಿನ್ನರ್‌ಗಳೂ 54. ಹಲೆಪ್ ಹೊಡೆದದ್ದು ಎಂಟು. 2025ರಲ್ಲಿ ಅಗ್ರಸ್ಥಾನದ ಅರಿನಾ ಸಬಲೆಂಕಾ 70 ತಪ್ಪು ಮಾಡಿ, 30 ತಪ್ಪು ಮಾಡಿದ ಕೊಕೊ ಗಾಫ್ ಎದುರು 7-6, 2-6, 4-6ರಿಂದ ಸೋತರು. ತಪ್ಪಿನ ಸಂಖ್ಯೆ ಎರಡೂ ಕಡೆ ದೊಡ್ಡದೇ, ಫಲ ಬೇರೆ ಬೇರೆ. ಹೊಡೆಯುವ ಆಟಗಾರ್ತಿ ತಪ್ಪು ಮಾಡುತ್ತಾರೆ ಎಂಬುದು ಸುದ್ದಿಯೇ ಅಲ್ಲ. ತಪ್ಪಿಗೆ ಸಮನಾಗಿ ವಿನ್ನರ್ ಬರುತ್ತಿದೆಯೇ ಎಂದು ಕೇಳಬೇಕು.

ಆ ಪಟ್ಟಿಯ ಹೆಸರೂ ಪೂರ್ತಿ ನಂಬುವಂಥದ್ದಲ್ಲ. ಗಾಳಿ ಬೀಸುತ್ತಿದ್ದ ಆ ದಿನ ಗಾಫ್ ಓಡಿ ಓಡಿ ಇನ್ನೊಂದು, ಮತ್ತೊಂದು ಚೆಂಡು ಮರಳಿಸುತ್ತ ಹೋದರು. ಸಬಲೆಂಕಾ ಗೆರೆಗೆ ಇನ್ನಷ್ಟು ಹತ್ತಿರ ಗುರಿಯಿಡಬೇಕಾಯಿತು. ಹೀಗೆ ಬಂದ ತಪ್ಪನ್ನೂ ಪಟ್ಟಿ ತಾನಾಗಿ ಮಾಡಿದ ತಪ್ಪು ಎಂದೇ ಬರೆಯುತ್ತದೆ. ಅದರ ಹಿಂದಿರುವ ಎದುರಾಳಿಯ ಕಾಲುಗಳು ಯಾವ ಅಂಕಣದಲ್ಲೂ ಕಾಣುವುದಿಲ್ಲ.

ತಪ್ಪು ಕಲ್ಪನೆ: ಹಿಂದಿನ ಮುಖಾಮುಖಿಗಳಲ್ಲಿ ಮುಂದಿರುವವರೇ ಈ ಸಲವೂ ಗೆಲ್ಲುತ್ತಾರೆ.

ವಾಸ್ತವ: ಟೆನಿಸ್ ಕಂಡ ಅತಿ ದೊಡ್ಡ ಶೈಲಿಗಳ ಜಗಳ ಕ್ರಿಸ್ ಎವರ್ಟ್ ಮತ್ತು ನವ್ರಾಟಿಲೋವಾ ಅವರದು. ಬೇಸ್‌ಲೈನಿನ ತಾಳ್ಮೆ ಒಂದು ಕಡೆ, ನೆಟ್ಟಿಗೆ ನುಗ್ಗುವ ಎಡಗೈ ಇನ್ನೊಂದು ಕಡೆ. ಶುರುವಿನ ವರ್ಷಗಳಲ್ಲಿ ಎವರ್ಟ್ ಬಹುಪಾಲು ಗೆದ್ದರು. ಆಮೇಲೆ ನವ್ರಾಟಿಲೋವಾ ದೇಹ, ತರಬೇತಿ, ಆಟ ಎಲ್ಲವನ್ನೂ ಹೊಸದಾಗಿ ಕಟ್ಟಿಕೊಂಡು ಸತತ 13 ಪಂದ್ಯ ಗೆದ್ದರು. ಅಲ್ಲಿಗೂ ಮುಗಿಯಲಿಲ್ಲ, 1985, 1986ರ ಫ್ರೆಂಚ್ ಫೈನಲ್‌ಗಳು ಎವರ್ಟ್ ಪಾಲಾದವು. ಕೊನೆಗೆ 80 ಪಂದ್ಯಗಳಲ್ಲಿ ನವ್ರಾಟಿಲೋವಾ 43-37ರಿಂದ ಮುಂದೆ. ಹಳೆಯ ಲೆಕ್ಕ ಯಾರು ಯಾವುದನ್ನು ಸರಿಪಡಿಸಿಕೊಳ್ಳಬೇಕು ಎಂಬುದನ್ನು ತೋರಿಸುತ್ತದೆ, ಸರಿಪಡಿಸಿಕೊಂಡಿದ್ದಾರೋ ಇಲ್ಲವೋ ಎಂಬುದನ್ನು ತೋರಿಸುವುದಿಲ್ಲ.

ತಪ್ಪು ಕಲ್ಪನೆ: ಭಾನುವಾರ ಸಂಜೆಯ ಫೈನಲ್ ರಾಹುಕಾಲದಲ್ಲಿ ನಡೆದರೆ ಮೇಲುಗೈ ಇದ್ದವರಿಗೆ ಕೇಡು, ಪಾಯಿಂಟ್ ಬರುತ್ತಿರುವಾಗ ಕೂತ ಜಾಗ ಬಿಟ್ಟು ಎದ್ದರೆ ಆಟ ತಿರುಗುತ್ತದೆ.

ವಾಸ್ತವ: ನಮ್ಮ ಮನೆಗಳಲ್ಲಿ ಪಂಚಾಂಗ ನೋಡದೆ ಗೃಹಪ್ರವೇಶವಿಲ್ಲ, ಹಾಗಾಗಿ ಇದನ್ನು ತಳ್ಳಿಹಾಕದೆ ಉತ್ತರಿಸಬೇಕು. ರಾಹುಕಾಲದ ಲೆಕ್ಕ ಆಯಾ ಊರಿನ ಸೂರ್ಯೋದಯ, ಸೂರ್ಯಾಸ್ತವನ್ನು ಹಿಡಿದು ಹೋಗುತ್ತದೆ. ಭಾನುವಾರ ಬಂಗಾರಪೇಟೆಯಲ್ಲಿ ಸಂಜೆ ನಾಲ್ಕೂವರೆಯಿಂದ ಆರು ಎಂದರೆ ಅದೇ ಗಳಿಗೆ ಪ್ಯಾರಿಸ್ಸಿನಲ್ಲೂ ನ್ಯೂಯಾರ್ಕಿನಲ್ಲೂ ರಾಹುಕಾಲವಲ್ಲ. ನಂಬಿಕೆಯ ಒಳಗಿನ ಲೆಕ್ಕದಂತೆಯೇ ನಮ್ಮ ಗಡಿಯಾರ ಅಲ್ಲಿಗೆ ಸಲ್ಲುವುದಿಲ್ಲ. ಇಲ್ಲಿಯೇ, ಬೆಂಗಳೂರಿನಲ್ಲೇ ಆಡಿದರೂ ನೆಟ್ಟಿನ ಎರಡೂ ಬದಿಗೆ ಒಂದೇ ಕಾಲ. ಒಬ್ಬರು ಸೋತ ಗಳಿಗೆಯಲ್ಲೇ ಇನ್ನೊಬ್ಬರು ಗೆದ್ದಿರುತ್ತಾರೆ.

ಆಟಗಾರ್ತಿಯರಿಗೂ ಇಂಥ ರೂಢಿಗಳಿವೆ. ಸೆರೆನಾ ಮೊದಲ ಸರ್ವ್‌ಗೆ ಮುನ್ನ ಐದು ಸಲ, ಎರಡನೆಯದಕ್ಕೆ ಎರಡು ಸಲ ಚೆಂಡು ಪುಟಿಸುತ್ತಿದ್ದರು ಎಂಬುದು ಪ್ರಸಿದ್ಧ. ಪುಟಿಸುವಾಗ ಉಸಿರು ಹದಕ್ಕೆ ಬರುತ್ತದೆ, ಕಳೆದುಹೋದ ಪಾಯಿಂಟ್ ಮನಸ್ಸಿನಿಂದ ಇಳಿಯುತ್ತದೆ. ಎರಡು ಪಾಯಿಂಟುಗಳ ನಡುವೆ ಸಿಗುವ 25 ಸೆಕೆಂಡುಗಳನ್ನು ತುಂಬಿಕೊಳ್ಳುವ ಒಳ್ಳೆಯ ದಾರಿ ಅದು. ನಮ್ಮ ಕುರ್ಚಿಗೆ ಆ ಶಕ್ತಿಯಿಲ್ಲ. ನೀರು ಕುಡಿಯಲು ಧೈರ್ಯವಾಗಿ ಏಳಿ.

ತಪ್ಪು ಕಲ್ಪನೆ: ಮೂರೇ ಸೆಟ್ಟಿನ ಆಟ, ಹೆಂಗಸರಿಗೆ ಐದು ಸೆಟ್ ಆಗದು.

ವಾಸ್ತವ: ಆಗುತ್ತದೆ, ಆಗಿದೆ. 1984ರಿಂದ 1998ರವರೆಗೆ ವರ್ಷಾಂತ್ಯದ ಮಹಿಳಾ ಚಾಂಪಿಯನ್‌ಶಿಪ್ ಫೈನಲ್ ಐದು ಸೆಟ್ಟಿನದೇ. 1990ರಲ್ಲಿ ಸೆಲೆಸ್ ಮತ್ತು ಗೇಬ್ರಿಯೇಲಾ ಸಬಾಟಿನಿ ಐದೂ ಸೆಟ್ ಆಡಿದರು, ಸೆಲೆಸ್ ಗೆದ್ದರು. ಸೆಟ್ಟಿನ ಸಂಖ್ಯೆಯನ್ನು ತೀರ್ಮಾನಿಸುವವರು ಟೂರ್ನಿ ನಡೆಸುವವರು; ಆಟಗಾರ್ತಿಯರ ಕಸುವಿಗೂ ಅದಕ್ಕೂ ಸಂಬಂಧವಿಲ್ಲ.

ತಪ್ಪು ಕಲ್ಪನೆ: ಭಾರತದವರು ಕಣದಲ್ಲಿ ಇಲ್ಲದಿದ್ದರೆ, ಅದೂ ದೊರೆಗಳ ಕ್ಲಬ್ಬಿನ ಆಟವಾದರೆ, ನಮಗೇನು ಕೆಲಸ.

ವಾಸ್ತವ: 2008ರಲ್ಲೂ ಈ ಮಾತು ಕೇಳಿಬಂತು. ಹಿಂದೆ ಹಿಂದೆಯೇ ಬಂದ ವಿವಾದಗಳಿಂದ ಬೇಸತ್ತು ಸಾನಿಯಾ ಮಿರ್ಜಾ ಬೆಂಗಳೂರಿನಲ್ಲಿ ಆಡುವುದಿಲ್ಲವೆಂದು ಫೆಬ್ರುವರಿಯಲ್ಲೇ ಹೇಳಿದ್ದರು. 2005ರಲ್ಲಿ ಹೈದರಾಬಾದಿನಲ್ಲಿ ಗೆದ್ದು, ಡಬ್ಲ್ಯುಟಿಎ ಸಿಂಗಲ್ಸ್ ಪ್ರಶಸ್ತಿ ಪಡೆದ ಮೊದಲ ಭಾರತೀಯ ಮಹಿಳೆಯಾದವರನ್ನು ತವರಿನ ಅಂಗಳದಿಂದಲೇ ದೂರ ನಿಲ್ಲುವಂತೆ ಮಾಡಿದ್ದು ನಮಗೆ ಗೌರವ ತರುವ ಸಂಗತಿಯಲ್ಲ. ದೊರೆಗಳ ಆಟ ಎಂಬ ಮಾತಿಗೆ ಚರಿತ್ರೆ ಇದೆ: ಗಣಿ ಕಂಪನಿಯ ಕಾಲದಲ್ಲಿ ಕ್ಲಬ್ಬಿನ ಬೇಲಿಯೊಳಗೆ ಯಾರು ಆಡಬಹುದು, ಯಾರು ಚೆಂಡು ಹೆಕ್ಕಿಕೊಡಬೇಕು ಎಂಬುದು ಮೊದಲೇ ತೀರ್ಮಾನವಾಗಿರುತ್ತಿತ್ತು. ಆದರೆ ದೊರೆಗಳು ಹೋಗಿ ದಶಕಗಳಾದವು, ಗಣಿಯೂ 2001ರ ಫೆಬ್ರುವರಿ 28ಕ್ಕೆ ಮುಚ್ಚಿತು. ಬೇಲಿಯನ್ನು ನಮ್ಮ ತಲೆಯಲ್ಲಿ ಉಳಿಸಿಕೊಳ್ಳಲು ಕಾರಣವಿಲ್ಲ. ಹುಡುಗಿಯರು ಶಾಲೆಯ ಗೋಡೆಗೆ ಚೆಂಡು ಹೊಡೆದರೂ ಆಟ ಶುರುವಾಗುತ್ತದೆ.

ತಪ್ಪು ಕಲ್ಪನೆ: ಸ್ಕೋರು 4-4 ಆಗುವವರೆಗೆ ಏನೂ ನಡೆಯುವುದಿಲ್ಲ, ಆಮೇಲೆ ಟಿವಿ ಹಾಕಿದರೆ ಸಾಕು.

ವಾಸ್ತವ: ಇಬ್ಬರ ಯೋಜನೆಯೂ ಮೊದಲ ನಾಲ್ಕು ಗೇಮಿನಲ್ಲೇ ಬಯಲಾಗುತ್ತದೆ. ಬಳಸಾಟದವರ ಎರಡನೇ ಸರ್ವ್‌ಗೆ ಹೊಡೆಯುವಾಕೆ ಎಲ್ಲಿ ನಿಲ್ಲುತ್ತಾರೆ ನೋಡಿ. ಬೇಸ್‌ಲೈನಿನ ಒಳಗೆ ಕಾಲಿಟ್ಟರೆ ಅವರ ಕಣ್ಣಿಗೆ ಚೆಂಡು ಸರಿಯಾಗಿ ಬೀಳುತ್ತಿದೆ. ಹಿಂದೆ ಹಿಂದೆ ಸರಿದರೆ ಎದುರಾಳಿಯ ತಿರುವು ಕೆಲಸ ಮಾಡುತ್ತಿದೆ. ಅವರು ಚೆಂಡನ್ನು ಸೊಂಟದ ಎತ್ತರದಲ್ಲಿ ಹೊಡೆಯುತ್ತಿದ್ದಾರೋ, ಭುಜದ ಮೇಲಿಂದ ತಡವರಿಸುತ್ತಿದ್ದಾರೋ ಗಮನಿಸಿ. ಬಳಸಾಟದವರ ಚೆಂಡು ಬೇಸ್‌ಲೈನ್ ಹತ್ತಿರ ಬೀಳುತ್ತಿದ್ದರೆ ಪಂದ್ಯ ಉದ್ದವಾಗುತ್ತದೆ, ಸರ್ವಿಸ್ ಗೆರೆಯ ಬಳಿ ಬೀಳುತ್ತಿದ್ದರೆ ಬೇಗ ಮುಗಿಯುತ್ತದೆ. ಐದನೇ ಗೇಮಿಗೆ ಇದನ್ನೆಲ್ಲ ಯಾರು ಬದಲಿಸಿಕೊಂಡರು ಎಂದೂ ನೋಡಿ. ಮುಂದಿನ ಫೈನಲ್‌ಗೆ ಗೆಲ್ಲುವವರ ಹೆಸರನ್ನು ನಾವು ಮುಂಚಿತವಾಗಿ ಹೇಳುವುದಿಲ್ಲ. ಐದನೇ ಗೇಮಿನ ಹೊತ್ತಿಗೆ ಪಕ್ಕದಲ್ಲಿ ಕೂತವರಿಗೆ ನೀವೇ ಹೇಳಬಲ್ಲಿರಿ.